ಮದ್ದು ನಿಲ್ಲಿಸಿದರೆ ಮತ್ತೆ ಗುಳ್ಳೆ: ನಾಯಿಯ ಚರ್ಮದ ಸೋಂಕಿನ ಮೂಲ ಹುಡುಕುವ ಕೈಪಿಡಿ

ನಾಯಿ ಸಾಕಿದವರ ದೂರು ಹೆಚ್ಚುಕಡಿಮೆ ಒಂದೇ. ಹೊಟ್ಟೆಯ ಮೇಲೆ, ತೊಡೆಸಂದಿಯಲ್ಲಿ ಸಣ್ಣ ಸಣ್ಣ ಕೀವುಗುಳ್ಳೆ. ನಾಯಿ ಕೆರೆದುಕೊಳ್ಳುತ್ತದೆ, ನೆಕ್ಕುತ್ತದೆ, ರಾತ್ರಿಯೆಲ್ಲ ಕೊರಳಪಟ್ಟಿಯ ಸದ್ದು. ಮಾತ್ರೆ ಕೊಟ್ಟರೆ ಹೋಗುತ್ತದೆ, ನಿಲ್ಲಿಸಿದ ಮೂರು ವಾರಕ್ಕೆ ಮತ್ತೆ ಹಾಜರು.

ನಮ್ಮ ಚಿನ್ನುವಿನ ಕತೆಯೂ ಇದೇ. ಮೊದಲು ಪರಿಚಯದ ಹೋಮಿಯೋಪತಿಯವರು ಕೊಟ್ಟ ಸಲ್ಫರ್ 30, ಆಮೇಲೆ ಹೆಪಾರ್ ಸಲ್ಫ್ 200. ಹತ್ತು ದಿನ ಗುಳ್ಳೆ ಹೆಚ್ಚಾದವು. "ಒಳಗಿದ್ದದ್ದು ಹೊರಗೆ ಬರ್ತಿದೆ, ಒಳ್ಳೆ ಲಕ್ಷಣ" ಅಂದರು. ಮೂರನೇ ವಾರಕ್ಕೆ ಕಡಿಮೆಯಾಯಿತು, ನಾವು ಖುಷಿಪಟ್ಟೆವು. ಎಂಟನೇ ವಾರಕ್ಕೆ ಮತ್ತೆ ಬಂತು. ಆಗ ಪಶುವೈದ್ಯರೊಬ್ಬರ ಹತ್ತಿರ ಹೋದೆವು. ಅವರು ಮೇಜಿನ ಆಚೆಯಿಂದಲೇ ನೋಡಿ ಏಳು ದಿನದ ಆ್ಯಂಟಿಬಯಾಟಿಕ್, ಜೊತೆಗೊಂದು ಸ್ಟೀರಾಯ್ಡ್ ಬರೆದರು. ನಾಲ್ಕೇ ದಿನಕ್ಕೆ ಮೈ ಕನ್ನಡಿಯಂತಾಯಿತು. ಇಪ್ಪತ್ತೈದನೇ ದಿನಕ್ಕೆ ಅದೇ ಜಾಗದಲ್ಲಿ ಅದೇ ಗುಳ್ಳೆ.

ಎರಡೂ ಪದ್ಧತಿಯವರು ನಮ್ಮನ್ನು ಒಂದೇ ಹಳ್ಳಕ್ಕೆ ಬೀಳಿಸಿದ್ದರು. ಇದು ಯಾತರ ಸೋಂಕು ಎಂದು ಯಾರೂ ನೋಡಿರಲಿಲ್ಲ. ಸೋಂಕು ಬರಲು ಕಾರಣವೇನು ಎಂದು ಯಾರೂ ಕೇಳಿರಲಿಲ್ಲ.

ನಾಯಿಯ ಚರ್ಮದಲ್ಲಿ ಕೀವು ಮಾಡುವ ಮುಖ್ಯ ಆಸಾಮಿ ಸ್ಟೆಫಿಲೊಕಾಕಸ್ ಸ್ಯೂಡಿಂಟರ್ಮೀಡಿಯಸ್ ಎಂಬ ಬ್ಯಾಕ್ಟೀರಿಯಾ. ಇದು ಹೊರಗಿನಿಂದ ನುಗ್ಗಿದ ಕಳ್ಳನಲ್ಲ. ಆರೋಗ್ಯವಂತ ನಾಯಿಯ ಮೂಗು, ಬಾಯಿ, ಗುದದ್ವಾರದ ಸುತ್ತ ಸದಾ ಮನೆಮಾಡಿಕೊಂಡೇ ಇರುತ್ತದೆ. ಕೆರೆದು ಕೆರೆದು ಚರ್ಮ ಹರಿದಾಗ, ನೆಕ್ಕಿ ನೆಕ್ಕಿ ತೇವವಾದಾಗ, ಹಾರ್ಮೋನು ಏರುಪೇರಾಗಿ ಚರ್ಮ ಬಡವಾದಾಗ ಅದು ತಲೆ ಎತ್ತುತ್ತದೆ. ಹಾಗಾಗಿ ಸೋಂಕು ಬಹುಪಾಲು ಎರಡನೇ ಕಾಯಿಲೆ. ಮೊದಲನೆಯದು ಅದರ ಕೆಳಗೆ ಅಡಗಿರುತ್ತದೆ.

ಮನೆಯಲ್ಲಿ ಕೂತು ಹುಡುಕಬಾರದ ಸಂದರ್ಭಗಳು

ಜ್ವರ ಇದ್ದು (ನಾಯಿಯ ಮೈಬಿಸಿ ಸಹಜವಾಗಿ 38.3ರಿಂದ 39.2 ಡಿಗ್ರಿ ಸೆಲ್ಸಿಯಸ್), ಊಟ ಬಿಟ್ಟು ಮಂಕಾಗಿ ಮಲಗಿದ್ದರೆ ಕಾಯಬೇಡಿ. ಚರ್ಮದಲ್ಲಿ ರಂಧ್ರಗಳಾಗಿ ರಕ್ತ ಬೆರೆತ ಕೀವು ಸುರಿಯುತ್ತಿದ್ದರೆ, ಗಾಯದಲ್ಲಿ ಹುಳ ಕಂಡರೆ, ಮುಖ ಇದ್ದಕ್ಕಿದ್ದಂತೆ ಊದಿಕೊಂಡರೆ ಅಂದೇ ವೈದ್ಯರ ಬಳಿ ಒಯ್ಯಿರಿ. ಮೂರು ನಾಲ್ಕು ತಿಂಗಳ ಮರಿಯ ಮೂತಿ ಊದಿ, ಗಂಟಲ ಕೆಳಗೆ ಗಂಟು ಕಟ್ಟಿದ್ದರೂ ಅಷ್ಟೇ. ಅದು ಮೇಲ್ನೋಟಕ್ಕೆ ಸೋಂಕಿನಂತೆ ಕಂಡರೂ ಬೇರೆಯದೇ ಕಾಯಿಲೆ ಆಗಿರಬಹುದು, ಅದರ ಮದ್ದೂ ಬೇರೆ.

ಎಲ್ಲಿದೆ ಎನ್ನುವುದೇ ಅರ್ಧ ಉತ್ತರ

ಹಗಲು ಬೆಳಕಿನಲ್ಲಿ ನಾಯಿಯನ್ನು ಮಗ್ಗುಲಾಗಿ ಮಲಗಿಸಿ, ಮೂಗಿನ ತುದಿಯಿಂದ ಬಾಲದ ತುದಿಯವರೆಗೆ ಕೂದಲು ಬಿಡಿಸಿ ನೋಡಿ. ಕಾಲ್ಬೆರಳ ಸಂದಿ, ಕಂಕುಳು, ಕಿವಿಯ ಒಳಗು, ಬಾಲದ ಬುಡ ಬಿಡಬೇಡಿ. ಕಂಡದ್ದರ ಫೋಟೊ ತೆಗೆದು ತಾರೀಖು ಬರೆದಿಡಿ. ಮುಂದೆ ಯಾವ ಮದ್ದು ಕೆಲಸ ಮಾಡಿತು ಎಂಬ ಜಗಳ ಬಂದಾಗ ಈ ಫೋಟೊಗಳೇ ಸಾಕ್ಷಿ. ನಮ್ಮ ನೆನಪು ಭಾರಿ ಸುಳ್ಳು ಹೇಳುತ್ತದೆ.

ಕೆರೆತವೆಲ್ಲ ಸೊಂಟ ಮತ್ತು ಬಾಲದ ಬುಡದ ಸುತ್ತ ಇದ್ದರೆ ಮೊದಲ ಅನುಮಾನ ಚಿಗಟದ ಮೇಲೆ. ಚಿಗಟ ಕಣ್ಣಿಗೆ ಬೀಳಬೇಕೆಂದಿಲ್ಲ. ಸಣ್ಣ ಹಲ್ಲಿನ ಬಾಚಣಿಗೆಯಿಂದ ಬಾಚಿ, ಉದುರಿದ ಕರಿಪುಡಿಯನ್ನು ಒದ್ದೆ ಬಿಳಿ ಕಾಗದದ ಮೇಲೆ ಹಾಕಿ. ಸುತ್ತ ಕೆಂಪುಕಂದು ಬಣ್ಣ ಹರಡಿದರೆ ಅದು ಬರೀ ಧೂಳಲ್ಲ, ಜೀರ್ಣವಾದ ರಕ್ತವಿರುವ ಚಿಗಟದ ಹಿಕ್ಕೆ. ಚಿಗಟಕ್ಕೆ ಅಲರ್ಜಿ ಇರುವ ನಾಯಿಗೆ ಬೆರಳೆಣಿಕೆಯ ಕಡಿತವೂ ಸಾಕು.

ಪಾದ, ಮುಖ, ಕಂಕುಳು, ಹೊಟ್ಟೆ, ಕಿವಿ ಈ ಐದೂ ಒಟ್ಟಿಗೆ ಕೆಂಪಾಗಿದ್ದು, ತೊಂದರೆ ಆರು ತಿಂಗಳಿಂದ ಮೂರು ವರ್ಷದ ವಯಸ್ಸಿನ ನಡುವೆ ಶುರುವಾಗಿದ್ದರೆ ಅಲರ್ಜಿಯ ವಾಸನೆ ಬಲವಾಗಿ ಹೊಡೆಯುತ್ತದೆ.

ಕಿವಿಯಂಚು, ಮೊಣಕೈ, ಹಿಂಗಾಲ ಕೀಲಿನ ಬಳಿ ಕೂದಲುದುರಿ ಹಕ್ಕಳೆ ಕಟ್ಟಿ, ನಾಯಿ ಹುಚ್ಚೆದ್ದಂತೆ ಕೆರೆಯುತ್ತಿದ್ದರೆ ಅದು ಸಾರ್ಕಾಪ್ಟಿಸ್ ನುಸಿಯ ಕಜ್ಜಿ ಇರಬಹುದು. ಕಿವಿಯಂಚನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಉಜ್ಜಿ ನೋಡಿ. ಹಿಂಗಾಲು ತಾನಾಗಿ ಕೆರೆಯುವಂತೆ ಆಡಿದರೆ ಅನುಮಾನ ಗಟ್ಟಿ. ಮನೆಯವರ ಕೈ, ಹೊಟ್ಟೆಯ ಮೇಲೆ ತುರಿಸುವ ಕೆಂಪು ಚುಕ್ಕೆ ಎದ್ದಿದ್ದರೆ ಇನ್ನೂ ಗಟ್ಟಿ. ಅದೇ ಎಳೆ ನಾಯಿಯ ಕಣ್ಣ ಸುತ್ತ, ಮುಂಗಾಲಲ್ಲಿ ಬೋಳು ತೇಪೆಗಳಿದ್ದು ತುರಿಕೆ ಅಷ್ಟಾಗಿ ಇಲ್ಲದಿದ್ದರೆ ಡೆಮೊಡೆಕ್ಸ್ ನುಸಿಯ ಕಡೆ ಯೋಚಿಸಿ. ಇದು ಮನುಷ್ಯರಿಗೆ ಅಂಟುವುದಿಲ್ಲ. ಸ್ಟೀರಾಯ್ಡ್ ಬಿದ್ದರೆ ಮಾತ್ರ ಬೆಂಕಿಗೆ ಎಣ್ಣೆ.

ದುಂಡಗಿನ ಉಂಗುರ ಕಂಡ ಕೂಡಲೆ ಹುಳುಕಡ್ಡಿ ಎಂದು ಶಿಲೀಂಧ್ರದ ಮುಲಾಮು ಹಚ್ಚುವವರು ಬಹಳ. ನಾಯಿಯಲ್ಲಿ ಉಂಗುರದಂಚಿನಲ್ಲಿ ಸಿಪ್ಪೆ ಎದ್ದು, ನಡುವೆ ಚರ್ಮ ಕಪ್ಪಾಗುತ್ತ ಬಂದಿದ್ದರೆ ಅದು ಹೆಚ್ಚಿನ ಸಲ ಒಡೆದ ಕೀವುಗುಳ್ಳೆ ಬಿಟ್ಟುಹೋದ ಗುರುತು, ಅಂದರೆ ಬ್ಯಾಕ್ಟೀರಿಯಾ. ನಿಜವಾದ ಹುಳುಕಡ್ಡಿಯಲ್ಲಿ ಕೂದಲು ಬುಡದಲ್ಲೇ ಮುರಿದಿರುತ್ತದೆ, ತುರಿಕೆ ಅನೇಕ ಸಲ ಕಡಿಮೆ. ವುಡ್ಸ್ ದೀಪ ಎಂಬ ನೇರಳಾತೀತ ಬೆಳಕಿನಡಿ ಮೈಕ್ರೊಸ್ಪೋರಮ್ ಕ್ಯಾನಿಸ್ ಎಂಬ ಹುಳುಕಡ್ಡಿ ಶಿಲೀಂಧ್ರ ಹತ್ತಿದ ಕೂದಲು ಹಸಿರಾಗಿ ಹೊಳೆಯುತ್ತದೆ. ಆದರೆ ಎಲ್ಲ ಜಾತಿಯ ಹುಳುಕಡ್ಡಿಯೂ ಹೊಳೆಯುವುದಿಲ್ಲ, ಆದ್ದರಿಂದ ಹೊಳೆಯಲಿಲ್ಲ ಎಂದು ಕೈಬಿಡುವಂತಿಲ್ಲ, ಕಲ್ಚರ್ (ಪ್ರಯೋಗಾಲಯದಲ್ಲಿ ರೋಗಾಣು ಬೆಳೆಸಿ ನೋಡುವ ಪರೀಕ್ಷೆ) ಮಾಡಿಸಬೇಕು. ಇದು ಮನೆಮಂದಿಗೂ ಅಂಟುತ್ತದೆ.

ವಯಸ್ಸಾದ ನಾಯಿ, ಎರಡೂ ಪಕ್ಕೆಯಲ್ಲಿ ಸಮವಾಗಿ ಕೂದಲು ತೆಳುವಾಗಿದೆ, ತುರಿಕೆಯಿಲ್ಲ, ನೀರು ಹೆಚ್ಚು ಕುಡಿಯುತ್ತಿದೆ ಅಥವಾ ತೂಕ ಏರುತ್ತಿದೆ ಎಂದಾದರೆ ಮುಲಾಮು ಬಿಡಿ, ಥೈರಾಯ್ಡ್ ಮತ್ತು ಕುಶಿಂಗ್ (ಮೈಯಲ್ಲಿ ಕಾರ್ಟಿಸೋಲ್ ಹಾರ್ಮೋನು ಅತಿಯಾಗುವ) ಕಾಯಿಲೆಗೆ ರಕ್ತಪರೀಕ್ಷೆ ಮಾಡಿಸಿ.

ಹತ್ತು ನಿಮಿಷದ ಪರೀಕ್ಷೆ

ನಮ್ಮ ದಾರಿ ತಿರುಗಿದ್ದು ಎರಡನೇ ಪಶುವೈದ್ಯೆಯ ಬಳಿ. ಅವರು ಬರವಣಿಗೆಗೆ ಕೈಹಾಕುವ ಮೊದಲು ಪಾರದರ್ಶಕ ಟೇಪಿನ ಒಂದು ತುಂಡು ಕತ್ತರಿಸಿ ಚಿನ್ನುವಿನ ಕಾಲ್ಬೆರಳ ಸಂದಿಗೆ ನಾಲ್ಕೈದು ಸಲ ಒತ್ತಿ ತೆಗೆದರು. ಹೊಟ್ಟೆಯ ಮೇಲಿನ ಗುಳ್ಳೆಯೊಂದನ್ನು ಸೂಜಿಮೊನೆಯಿಂದ ಒಡೆದು ಗಾಜಿನ ಸ್ಲೈಡನ್ನು ಅದಕ್ಕೆ ತಾಗಿಸಿದರು. ಎರಡನ್ನೂ ಬಣ್ಣದ ದ್ರವದಲ್ಲಿ ಅದ್ದಿ, ತೊಳೆದು, ಸೂಕ್ಷ್ಮದರ್ಶಕದ ಕೆಳಗಿಟ್ಟು "ಬನ್ನಿ, ನೀವೇ ನೋಡಿ" ಎಂದು ನನ್ನನ್ನೂ ಕರೆದರು.

ಹೊಟ್ಟೆಯ ಸ್ಲೈಡಿನಲ್ಲಿ ನೇರಳೆ ಬಣ್ಣದ ಸಣ್ಣ ದುಂಡು ಚುಕ್ಕೆಗಳು, ಎರಡೆರಡಾಗಿ, ಗೊಂಚಲಾಗಿ. ಕೆಲವು ಚುಕ್ಕೆಗಳು ಬಿಳಿರಕ್ತಕಣದ ಹೊಟ್ಟೆಯೊಳಗೇ ಇದ್ದವು. "ಚರ್ಮದ ಮೇಲೆ ಸುಮ್ಮನೆ ಕೂತದ್ದಲ್ಲ ಇದು, ಮೈ ಇದರ ಜೊತೆ ಹೊಡೆದಾಡ್ತಿದೆ" ಅಂದರು. ಪಾದದ ಟೇಪಿನಲ್ಲಿ ಬೇರೆಯದೇ ಸಂತೆ. ಪುಟ್ಟ ಹೆಜ್ಜೆಗುರುತಿನ ಆಕಾರದ, ಬ್ಯಾಕ್ಟೀರಿಯಾಕ್ಕಿಂತ ಹಲವು ಪಟ್ಟು ದೊಡ್ಡ ಕಣಗಳು. ಅದು ಮಲಸೀಜಿಯಾ ಎಂಬ ಯೀಸ್ಟ್, ಶಿಲೀಂಧ್ರದ ಒಂದು ಬಗೆ. ಪಾದದಿಂದ ಬರುತ್ತಿದ್ದ ಹುಳಿಮುಗ್ಗು ವಾಸನೆ, ಉಗುರ ಬುಡದ ಕಂದು ಕಲೆ ಎರಡಕ್ಕೂ ಅಲ್ಲಿ ಉತ್ತರವಿತ್ತು. ಹಿಂದೆ ಕೊಟ್ಟ ಆ್ಯಂಟಿಬಯಾಟಿಕ್ ಯೀಸ್ಟಿಗೆ ನಾಟುವುದೇ ಇಲ್ಲ. ಅಂದರೆ ಅರ್ಧ ಕಾಯಿಲೆಗೆ ಮಾತ್ರ ಮದ್ದು ಬಿದ್ದಿತ್ತು.

ನುಸಿಗಾಗಿ ಚರ್ಮವನ್ನು ಚಿಮುಟಿ ಹಿಡಿದು ತುಸು ರಕ್ತ ಜಿನುಗುವವರೆಗೆ ಕೆರೆದು ನೋಡಿದರು. ಡೆಮೊಡೆಕ್ಸ್ ಕೂದಲ ಬುಡದಲ್ಲಿ ಆಳದಲ್ಲಿರುವುದರಿಂದ ಹಾಗೆ ಕೆರೆಯಬೇಕು. ಸಾರ್ಕಾಪ್ಟಿಸ್ ಇದ್ದೂ ಸ್ಕ್ರೇಪಿಂಗಿನಲ್ಲಿ ಸಿಗದೇ ಹೋಗುವುದು ಸಾಮಾನ್ಯ. ಅನುಮಾನ ಬಲವಾಗಿದ್ದರೆ ವೈದ್ಯರು ನುಸಿಯ ಮದ್ದು ಕೊಟ್ಟೇ ನೋಡುತ್ತಾರೆ.

ನಿಮ್ಮ ವೈದ್ಯರು ಸ್ಲೈಡ್ ನೋಡದೆ ಎರಡನೇ ಸಲವೂ ಆ್ಯಂಟಿಬಯಾಟಿಕ್ ಬರೆದರೆ "ಒಂದು ಟೇಪ್ ತೆಗೆದು ನೋಡ್ತೀರಾ?" ಎಂದು ಕೇಳಿ. ಕೇಳುವುದರಲ್ಲಿ ತಪ್ಪೇನಿಲ್ಲ.

ಹೊರಗಿನಿಂದ ಹಚ್ಚುವುದೇ ಮೊದಲ ಮದ್ದು

ಸೋಂಕು ಚರ್ಮದ ಮೇಲ್ಪದರದಲ್ಲಷ್ಟೇ ಇದ್ದರೆ ಮಾತ್ರೆಯಿಲ್ಲದೆ, ಬರೀ ತೊಳೆದು ವಾಸಿ ಮಾಡುವ ಸಾಧ್ಯತೆ ದೊಡ್ಡದು. ಕ್ಲೋರ್‌ಹೆಕ್ಸಿಡಿನ್ ಎಂಬ ರೋಗಾಣುನಾಶಕ 2ರಿಂದ 4 ಶೇಕಡಾ ಇರುವ, ನಾಯಿಗೆಂದೇ ಮಾಡಿದ ಶಾಂಪೂ ಇದಕ್ಕೆ ಸರಿ. ಯೀಸ್ಟೂ ಇದ್ದರೆ ಜೊತೆಗೆ ಶಿಲೀಂಧ್ರದ ಮದ್ದಾದ ಮೈಕೊನಜೋಲ್ ಸೇರಿದ್ದು. ವಾರಕ್ಕೆ ಎರಡು ಮೂರು ಸಲ.

"ಶಾಂಪೂ ಹಾಕಿದ್ವಿ, ಏನೂ ಆಗಲಿಲ್ಲ" ಅನ್ನುವವರಲ್ಲಿ ಹೆಚ್ಚಿನವರು ಎಡವುವುದು ಸಮಯದಲ್ಲಿ. ನೊರೆ ಚರ್ಮಕ್ಕೆ ತಾಗಿ ಹತ್ತು ನಿಮಿಷ ನಿಲ್ಲಬೇಕು. ಮೈಮೇಲಿನ ಕೂದಲಿಗಲ್ಲ, ಅದರಡಿಯ ಚರ್ಮಕ್ಕೆ. ಒದ್ದೆ ನಾಯಿಯನ್ನು ಬಚ್ಚಲಲ್ಲಿ ಹಿಡಿದು ಕೂತವರಿಗೆ ಮೂರು ನಿಮಿಷವೇ ಹತ್ತರಂತೆ ಅನಿಸುತ್ತದೆ. ನಾನು ಅಂದಾಜಿಗೆ ಎಣಿಸಿದ್ದನ್ನು ಒಂದು ದಿನ ಫೋನಿನ ಟೈಮರಿನಲ್ಲಿ ಅಳೆದೆ. ನಾಲ್ಕು ನಿಮಿಷ ಇಪ್ಪತ್ತು ಸೆಕೆಂಡು! ಅಂದಿನಿಂದ ಟೈಮರ್ ಒತ್ತದೆ ನೀರು ಬಿಡುವುದಿಲ್ಲ. ಮೊದಲು ಗುಳ್ಳೆ ಇರುವ ಜಾಗಕ್ಕೆ ಹಚ್ಚಿ, ಉಳಿದ ಮೈ ಆಮೇಲೆ. ಕಣ್ಣಿಗೆ, ಕಿವಿಯ ಕೊಳವೆಗೆ ಹೋಗಬಾರದು. ಚೆನ್ನಾಗಿ ತೊಳೆದು, ಬೆರಳ ಸಂದಿಯನ್ನೂ ಬಿಡದೆ ಒರೆಸಿ ಒಣಗಿಸಿ.

ಒಂದೇ ಕಡೆ ದಿಢೀರನೆ ಎದ್ದ, ಕೂದಲು ಅಂಟಿಕೊಂಡು ಜಿನುಗುವ ಕೆಂಪು ಗಾಯವಾದರೆ ಸುತ್ತಲಿನ ಕೂದಲು ಕತ್ತರಿಸುವುದೇ ಅರ್ಧ ಚಿಕಿತ್ಸೆ. ಗಾಳಿ ಆಡಬೇಕು. ನೆಕ್ಕದಂತೆ ಕೊರಳಿಗೆ ಕೋನ್ ಹಾಕಿ. ಪಾಪ ಅನಿಸುತ್ತದೆ, ಆದರೂ ಹಾಕಿ.

ನಮಗೆ ಬರೆದುಕೊಟ್ಟ ಟ್ಯೂಬನ್ನು ನಾಯಿಗೆ ಹಚ್ಚುವ ಅಭ್ಯಾಸ ಬಿಡಿ. ಸ್ಟೀರಾಯ್ಡ್, ಆ್ಯಂಟಿಬಯಾಟಿಕ್, ಶಿಲೀಂಧ್ರದ ಮದ್ದು ಮೂರೂ ಬೆರೆಸಿದ ಮುಲಾಮುಗಳು ಎರಡು ದಿನ ಕೆಂಪು ಇಳಿಸಿ ರೋಗದ ಗುರುತನ್ನೇ ಅಳಿಸಿಹಾಕುತ್ತವೆ. ಜಿಂಕ್ ಆಕ್ಸೈಡ್ ಇರುವ ಕ್ರೀಮನ್ನು ನಾಯಿ ನೆಕ್ಕಿ ನುಂಗಿದರೆ ತೊಂದರೆ. ಟೀ ಟ್ರೀ ಎಣ್ಣೆ "ನೈಸರ್ಗಿಕ" ಎಂಬ ಹೆಸರಲ್ಲಿ ಬರುವ ವಿಷ, ನಾಯಿಯ ಚರ್ಮದ ಮೂಲಕವೂ ಏರುತ್ತದೆ. ಹೈಡ್ರೋಜನ್ ಪೆರಾಕ್ಸೈಡ್ ದಿನಾ ಸುರಿದರೆ ಹೊಸ ಚರ್ಮ ಕೂಡಿಕೊಳ್ಳುವುದೇ ತಡವಾಗುತ್ತದೆ.

ಮಾತ್ರೆ ಬೇಕಾದಾಗ

ಸೋಂಕು ಮೈತುಂಬ ಹರಡಿದ್ದರೆ, ಆಳಕ್ಕಿಳಿದಿದ್ದರೆ ಅಥವಾ ತೊಳೆದು ಬಗ್ಗದಿದ್ದರೆ ಆ್ಯಂಟಿಬಯಾಟಿಕ್ ಬೇಕು. ಮೇಲ್ಪದರದ ಸೋಂಕಿಗೆ ಸಾಮಾನ್ಯವಾಗಿ ಎರಡು ಮೂರು ವಾರ, ಆಳದ್ದಕ್ಕೆ ಅದಕ್ಕಿಂತ ಹೆಚ್ಚು. ನಿಲ್ಲಿಸುವ ಮುಂಚೆ ವೈದ್ಯರು ಮತ್ತೊಮ್ಮೆ ನೋಡಬೇಕು. ನಾಯಿಯನ್ನು ತೂಕ ಮಾಡಿಸಿ, ಕಣ್ಣಳತೆಯ ಡೋಸ್ ಬೇಡ. ಗುಳ್ಳೆ ಒಣಗಿತೆಂದು ಐದನೇ ದಿನಕ್ಕೆ ನಿಲ್ಲಿಸಿ, ಉಳಿದದ್ದನ್ನು ಮುಂದಿನ ಸಲಕ್ಕೆ ಎತ್ತಿಡುವ ಕೆಲಸ ಮಾಡಲೇಬೇಡಿ. ಮಾಡಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ.

ಸರಿಯಾದ ಡೋಸ್ ಕೊಟ್ಟು ಎರಡು ವಾರವಾದರೂ ಹೊಸ ಗುಳ್ಳೆ ಏಳುತ್ತಿದ್ದು ಸ್ಲೈಡಿನಲ್ಲಿ ದುಂಡು ಚುಕ್ಕೆಗಳು ಹಾಗೇ ಇದ್ದರೆ ಮಾತ್ರೆ ಬದಲಿಸಿ ಬದಲಿಸಿ ನೋಡುವುದು ಜೂಜು. ಕೀವಿನ ಕಲ್ಚರ್ ಮಾಡಿಸಿ ಯಾವ ಮದ್ದಿಗೆ ಬಗ್ಗುತ್ತದೆ ಎಂದು ತಿಳಿದುಕೊಳ್ಳಿ. ಆ್ಯಂಟಿಬಯಾಟಿಕ್ ಆದ ಮೆಥಿಸಿಲಿನ್‌ಗೆ ಬಗ್ಗದ ತಳಿಗಳು ಈಗ ನಾಯಿಗಳಲ್ಲಿ ಸಾಕಷ್ಟು ಸಿಗುತ್ತವೆ. ಅಂಥ ವೇಳೆ ಶಾಂಪೂವೇ ಮತ್ತೆ ಮುಖ್ಯ ಆಯುಧವಾಗುವುದುಂಟು. ನಾಯಿ ಮುಟ್ಟಿದ ಮೇಲೆ ಕೈ ತೊಳೆಯುವುದೂ ಆಗ ಹೆಚ್ಚಿನ ಎಚ್ಚರದ ಕೆಲಸ.

ಸಿಹಿಗುಳಿಗೆಯ ವಿಚಾರ

ಇಲ್ಲಿ ನನ್ನ ಅಭಿಪ್ರಾಯ ಬಚ್ಚಿಡುವುದಿಲ್ಲ. ಕೀವು ಇರುವ ಚರ್ಮಕ್ಕೆ ಹೋಮಿಯೋಪತಿಯನ್ನು ನೆಚ್ಚಿ ಕೂರಬಾರದು.

ಲೆಕ್ಕ ನೋಡಿ. ಸೀಸೆಯ ಮೇಲಿನ 30ಸಿ ಎಂದರೆ ನೂರಕ್ಕೆ ಒಂದರಂತೆ ಮೂವತ್ತು ಸಲ ತೆಳು ಮಾಡಿದ್ದು, ಅಂದರೆ ಒಂದರ ಮುಂದೆ ಅರವತ್ತು ಸೊನ್ನೆ ಬರೆದಷ್ಟು ಪಾಲಿನಲ್ಲಿ ಒಂದೇ ಪಾಲು. ಸುಮಾರು 12ಸಿ ದಾಟಿದ ಮೇಲೆ ಮೂಲವಸ್ತುವಿನ ಒಂದು ಅಣುವೂ ಉಳಿದಿರುವ ಸಂಭವ ಇಲ್ಲವೆನ್ನುವಷ್ಟು ಕಡಿಮೆ. 1796ರಲ್ಲಿ ಹೋಮಿಯೋಪತಿಯ ಜನಕ ಹಾನೆಮನ್ ತಮ್ಮ ತತ್ವವನ್ನು ಮುಂದಿಟ್ಟಾಗ ಬ್ಯಾಕ್ಟೀರಿಯಾದಿಂದ ಕೀವಾಗುತ್ತದೆ ಎಂಬುದೇ ಜಗತ್ತಿಗೆ ಗೊತ್ತಿರಲಿಲ್ಲ. 2015ರಲ್ಲಿ ಆಸ್ಟ್ರೇಲಿಯಾದ ರಾಷ್ಟ್ರೀಯ ಆರೋಗ್ಯ ಮತ್ತು ವೈದ್ಯಕೀಯ ಸಂಶೋಧನಾ ಮಂಡಳಿ ಮನುಷ್ಯರ ಮೇಲಿನ ಅಧ್ಯಯನಗಳನ್ನೆಲ್ಲ ಜಾಲಾಡಿ, ಹೋಮಿಯೋಪತಿ ಫಲ ಕೊಡುತ್ತದೆ ಎನ್ನಲು ನಂಬಬಹುದಾದ ಆಧಾರ ಯಾವ ಕಾಯಿಲೆಗೂ ಇಲ್ಲ ಎಂದಿತು. 2017ರಲ್ಲಿ ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ವೆಟರಿನರಿ ಸರ್ಜನ್ಸ್ ಪ್ರಾಣಿಗಳ ವಿಷಯವನ್ನೇ ಎತ್ತಿಕೊಂಡು, ಇಂಥ ಚಿಕಿತ್ಸೆಗಳು ಆಧಾರವಿರುವ ಚಿಕಿತ್ಸೆಯ ಜಾಗಕ್ಕೆ ಬರಬಾರದು, ಅದನ್ನು ತಡಮಾಡಲೂಬಾರದು ಎಂದು ಹೇಳಿತು.

ಹಾಗಾದರೆ ನಮ್ಮ ಚಿನ್ನುವಿಗೆ ಮೂರನೇ ವಾರಕ್ಕೆ ಕಡಿಮೆಯಾದದ್ದು ಹೇಗೆ? ಫೋಟೊಗಳ ತಾರೀಖು ತೆಗೆದು ನೋಡಿದೆ. ಗುಳಿಗೆ ಶುರುಮಾಡಿದ್ದು ಗುಳ್ಳೆ ಅತಿ ಹೆಚ್ಚಿದ್ದ ವಾರ. ಯಾರೂ ಮದ್ದು ಹುಡುಕುವುದು ಆಗಲೇ ತಾನೆ? ಏರುತ್ತ ಇಳಿಯುತ್ತ ಸಾಗುವ ಕಾಯಿಲೆ ತುತ್ತತುದಿಗೆ ಹೋದ ಮೇಲೆ ಏನು ಕೊಟ್ಟರೂ, ಏನೂ ಕೊಡದಿದ್ದರೂ ಒಂದಿಷ್ಟು ಇಳಿಯುತ್ತದೆ. ಅದೂ ಸಾಲದ್ದಕ್ಕೆ ಅದೇ ವಾರ ವಾಸನೆ ತಡೆಯಲಾರದೆ ಔಷಧಿ ಶಾಂಪೂವಿನಲ್ಲಿ ಎರಡು ಸಲ ತೊಳೆದಿದ್ದೆವು. ಹೆಸರು ಮಾತ್ರ ಗುಳಿಗೆಗೆ ಹೋಯಿತು.

ನನಗೆ ಹೆಚ್ಚು ಸಿಟ್ಟು ಬರುವುದು "ಹೆಚ್ಚಾದರೆ ಒಳ್ಳೆಯದು" ಎಂಬ ಮಾತಿನ ಮೇಲೆ. ಕಡಿಮೆಯಾದರೂ ಮದ್ದು ನಾಟಿದೆ, ಹೆಚ್ಚಾದರೂ ನಾಟಿದೆ ಎಂದರೆ ನಾಟಿಲ್ಲ ಎಂದು ತಿಳಿಯುವ ದಾರಿಯೇ ಇಲ್ಲವಲ್ಲ! ಗುಳ್ಳೆ ಹೆಚ್ಚಿದರೆ ಸೋಂಕು ಹೆಚ್ಚಿದೆ ಎಂದೇ ಅರ್ಥ.

ಇಷ್ಟಾದರೂ ಮನೆಯ ಹಿರಿಯರು ಕೊಡಲೇಬೇಕೆಂದು ಹಟ ಹಿಡಿದರೆ ಕಡೇಪಕ್ಷ ಇದನ್ನು ಗಮನಿಸಿ. ಪೊಟೆನ್ಸಿ, ಅಂದರೆ ತೆಳು ಮಾಡಿದ ಸಲಗಳ ಸಂಖ್ಯೆ, ಕಡಿಮೆ ಇದ್ದಷ್ಟೂ ಮೂಲವಸ್ತು ನಿಜವಾಗಿಯೂ ಉಳಿದಿರುತ್ತದೆ. 3ಎಕ್ಸ್ ಎಂದರೆ ಹತ್ತಕ್ಕೆ ಒಂದರಂತೆ ಮೂರೇ ಸಲ ತೆಳು ಮಾಡಿದ್ದು. ಪಾದರಸದ ಮರ್ಕ್ಯೂರಿಯಸ್, ಪಾಷಾಣದ ಆರ್ಸೆನಿಕಮ್‌ಗಳ 3ಎಕ್ಸ್‌ನಂಥವು ನಾಯಿಯ ಬಾಯಿಗೆ ಹೋಗಕೂಡದು. ತೆಳು ಮಾಡದ ಮೂಲಸಾರವಾದ ಮದರ್ ಟಿಂಕ್ಚರ್‌ನಲ್ಲಿ ಆಲ್ಕೊಹಾಲ್ ಇರುತ್ತದೆ. ಅಂಥದೇ ಹೂವಿನ ಸಾರ ಕ್ಯಾಲೆಂಡುಲಾವನ್ನು ಹಸಿಗಾಯಕ್ಕೆ ನೇರ ಹಚ್ಚಿದರೆ ನಾಯಿ ಕಿರುಚಿಕೊಳ್ಳುತ್ತದೆ, ಮುಂದಿನ ಸಲ ಮುಟ್ಟಲೂ ಬಿಡುವುದಿಲ್ಲ. ಗುಳಿಗೆ ಯಾವ ಸಕ್ಕರೆಯದೆಂದು ಓದಿ, ಜೈಲಿಟಾಲ್ ಎಂದಿದ್ದರೆ ಅದು ನಾಯಿಗೆ ವಿಷ. ಕೊಡುತ್ತಿರುವುದನ್ನು ಪಶುವೈದ್ಯರಿಗೆ ಹೇಳಿ. ಮತ್ತೆ, ಅದಕ್ಕಾಗಿ ಸ್ನಾನ ತಪ್ಪಬಾರದು, ಮಾತ್ರೆ ತಪ್ಪಬಾರದು, ಒಂದು ದಿನವೂ ತಡವಾಗಬಾರದು.

ಸೋಂಕು ಹೋದ ದಿನ ಕೇಳಬೇಕಾದ ಪ್ರಶ್ನೆ

ಹೆಚ್ಚಿನವರು ನಿಲ್ಲಿಸುವುದು ಇಲ್ಲೇ. ಆದರೆ ನಿಜವಾದ ಪರೀಕ್ಷೆ ಈಗ ಶುರು. ಗುಳ್ಳೆಯೆಲ್ಲ ಒಣಗಿ, ಸ್ಲೈಡು ಸ್ವಚ್ಛವಾದ ದಿನ ನೋಡಿ: ಕೆರೆತ ನಿಂತಿದೆಯೇ, ಉಳಿದಿದೆಯೇ?

ನಿಂತಿದ್ದರೆ ಕೆರೆತಕ್ಕೆ ಸೋಂಕೇ ಕಾರಣ. ಹಾಗಾದರೆ ತುರಿಕೆ ಇಲ್ಲದ ಮೂಲಗಳನ್ನು, ಅಂದರೆ ಥೈರಾಯ್ಡ್, ಕುಶಿಂಗ್, ಡೆಮೊಡೆಕ್ಸ್, ಚರ್ಮದ ಮಡಿಕೆಗಳನ್ನು ಪರಿಶೀಲಿಸಿ. ಉಳಿದಿದ್ದರೆ ಸೋಂಕಿನ ಕೆಳಗೆ ಚಿಗಟ, ಕಜ್ಜಿ ಅಥವಾ ಅಲರ್ಜಿ ಇದೆ. ಈ ಪ್ರಶ್ನೆಗೆ ನೆಟ್ಟಗೆ ಉತ್ತರ ಸಿಗಬೇಕಾದರೆ ಸೋಂಕಿನ ಮದ್ದಿನ ಜೊತೆ ಸ್ಟೀರಾಯ್ಡ್ ಸೇರಿರಬಾರದು. ನಮ್ಮ ಮೊದಲ ವೈದ್ಯರ ಚೀಟಿ ಕೆಟ್ಟದ್ದು ಅಲ್ಲೇ. ನಾಲ್ಕು ದಿನಕ್ಕೆ ಎಲ್ಲ ಸರಿಹೋಯಿತು, ಯಾವುದರಿಂದ ಎಂದು ಮಾತ್ರ ತಿಳಿಯಲಿಲ್ಲ. (ಜಿನುಗುವ ಗಾಯಕ್ಕೆ, ತಡೆಯಲಾಗದ ನೋವಿಗೆ ವೈದ್ಯರು ಕೆಲವೇ ದಿನ ಸ್ಟೀರಾಯ್ಡ್ ಕೊಡುವುದು ಬೇರೆ ಮಾತು.)

ಚಿನ್ನುವಿನ ಕೆರೆತಕ್ಕೆ ನಾವು ಸೊನ್ನೆಯಿಂದ ಹತ್ತರವರೆಗೆ ಅಂಕ ಹಾಕುತ್ತ ಬಂದೆವು. ಸೋಂಕಿದ್ದಾಗ ಎಂಟು. ಮೂರು ವಾರದ ಮಾತ್ರೆ, ಸ್ನಾನ ಮುಗಿದ ದಿನ ಐದು. ಹೊಟ್ಟೆ ನುಣ್ಣಗಿತ್ತು, ಪಾದ ನೆಕ್ಕುವುದು ಬಿಟ್ಟಿರಲಿಲ್ಲ.

ಮೊದಲು ಚಿಗಟ ಮತ್ತು ನುಸಿಯನ್ನು ಆಟದಿಂದ ಹೊರಗೆ ಹಾಕಿದೆವು. ಫ್ಲುರಲಾನರ್, ಅಫಾಕ್ಸೊಲಾನರ್ ಗುಂಪಿನ ಮಾತ್ರೆಗಳು ಚಿಗಟ, ಉಣ್ಣೆ, ನುಸಿ ಎಲ್ಲಕ್ಕೂ ನಾಟುತ್ತವೆ. ಫಿಟ್ಸ್ ಬರುವ ನಾಯಿಯಾದರೆ ವೈದ್ಯರಿಗೆ ಮುಂಚೆಯೇ ತಿಳಿಸಬೇಕು. ಕೋಲಿ ಜಾತಿಯ ನಾಯಿಗೆ ಐವರ್ಮೆಕ್ಟಿನ್ ಚುಚ್ಚುಮದ್ದು ಕೊಡಿಸಲು ಹೋಗಬೇಡಿ, ಆ ತಳಿಯ ಅನೇಕ ನಾಯಿಗಳಿಗೆ ಅದು ಮಿದುಳಿಗೆ ಏರಿ ಪ್ರಾಣಕ್ಕೇ ಕುತ್ತು. ಚಿಗಟದ ಮೊಟ್ಟೆ, ಮರಿ, ಗೂಡು ಇರುವುದು ನೆಲದ ಬಿರುಕು ಮತ್ತು ಹಾಸಿಗೆಯಲ್ಲಿ. ಆದ್ದರಿಂದ ಮನೆಯ ಎಲ್ಲ ಸಾಕುಪ್ರಾಣಿಗೂ ಕಡೇಪಕ್ಷ ಮೂರು ತಿಂಗಳು ಬಿಡದೆ ಮದ್ದು, ಹಾಸಿಗೆಗೆ ಬಿಸಿನೀರು. ಬೆಕ್ಕಿದ್ದರೆ ಅದಕ್ಕೆ ಬೆಕ್ಕಿನದೇ ಮದ್ದು. ನಾಯಿಯ ಚಿಗಟದ ಮದ್ದುಗಳಲ್ಲಿರುವ ಪರ್ಮೆತ್ರಿನ್ ಬೆಕ್ಕನ್ನು ಕೊಲ್ಲಬಲ್ಲದು.

ಅಂಕ ಐದರಲ್ಲೇ ನಿಂತಿತು. ಮುಂದಿನದು ಆಹಾರದ ಪರೀಕ್ಷೆ: ಎಂಟು ವಾರ, ಹಿಂದೆಂದೂ ತಿನ್ನದ ಒಂದೇ ಬಗೆಯ ಪ್ರೋಟೀನ್ ಅಥವಾ ವೈದ್ಯರು ಕೊಡುವ ಹೈಡ್ರೊಲೈಸ್ಡ್ (ಪ್ರೋಟೀನನ್ನು ಸಣ್ಣ ಚೂರಾಗಿ ಒಡೆದ) ಆಹಾರ, ಅದು ಬಿಟ್ಟು ಬೇರೇನೂ ಇಲ್ಲ. ಆರನೇ ವಾರ ಯಾರೋ ಪ್ರೀತಿಯಿಂದ ಒಂದು ಬಿಸ್ಕತ್ತು ಕೊಟ್ಟರೆ ಅದುವರೆಗಿನ ಶ್ರಮ ನೀರುಪಾಲು. ಮಾಂಸದ ರುಚಿ ಸೇರಿಸಿದ ಹುಳದ ಮಾತ್ರೆಯೂ ಕೆಡಿಸುತ್ತದೆ, ಇದು ನಮಗೆ ತಡವಾಗಿ ಹೊಳೆಯಿತು, ಮತ್ತೆ ಮೊದಲಿಂದ ಎಣಿಸಬೇಕಾಯಿತು. ಎಂಟು ವಾರಕ್ಕೂ ಬದಲಾವಣೆ ಇಲ್ಲ. ಹಾಗಾಗಿ ಉಳಿದದ್ದು ಪರಿಸರದ ಅಲರ್ಜಿ, ಅಟೊಪಿ.

ಇದು ವಾಸಿಯಾಗಿ ಹೋಗುವ ಕಾಯಿಲೆಯಲ್ಲ, ಹತೋಟಿಯಲ್ಲಿಡುವುದು. ತುರಿಕೆ ಏರುವ ತಿಂಗಳುಗಳಲ್ಲಿ ಒಕ್ಲಾಸಿಟಿನಿಬ್ ಮಾತ್ರೆ ಕೊಡುತ್ತೇವೆ. ತಿಂಗಳಿಗೊಮ್ಮೆ ಚುಚ್ಚುವ ಲೋಕಿವೆಟ್‌ಮ್ಯಾಬ್ ಕೂಡ ಇದೆ, ನಮಗೆ ಇನ್ನೂ ಬೇಕಾಗಿಲ್ಲ. ವಾರಕ್ಕೊಂದು ಹತ್ತು ನಿಮಿಷದ ಸ್ನಾನ, ಹೊರಗಿನಿಂದ ಬಂದಾಗ ಪಾದ ಒರೆಸುವುದು. ಅಂಕ ಎರಡು ಮೂರರ ನಡುವೆ ಆಡುತ್ತಿದೆ. ಕೀವುಗುಳ್ಳೆ ಕಂಡು ಹದಿನಾಲ್ಕು ತಿಂಗಳಾಯಿತು. ನಡುವೆ ಒಮ್ಮೆ ಉಗುರ ಬುಡ ಕಂದಾಗಿ ಹಳೆಯ ಮುಗ್ಗು ವಾಸನೆ ಬಂದಿತ್ತು. ಟೇಪ್ ಒತ್ತಿಸಿದೆವು, ಯೀಸ್ಟ್ ಮಾತ್ರ ಇತ್ತು. ಎರಡು ವಾರ ಪಾದಕ್ಕಷ್ಟೇ ಶಾಂಪೂ ಹಾಕಿದ್ದರಲ್ಲಿ ಹೋಯಿತು.